ಜಗಲಿಯ ಮೂಲೆಯ ಗಾಲಿಕುರ್ಚಿ: ಕೊಟ್ಟಿದ್ದಕ್ಕೆ ಲೆಕ್ಕವಿದೆ, ಮರಳಿಸಲು ದಾರಿಯಿಲ್ಲ

ಶಿರಸಿಯಿಂದ ಕುಮಟಾ ರಸ್ತೆಯಲ್ಲಿ ಒಂದಷ್ಟು ದೂರ ಸಾಗಿ ಒಳದಾರಿಗೆ ಹೊರಳಿದರೆ ಸಿಗುವ ಊರೊಂದರಲ್ಲಿ, ನಮ್ಮ ನೆಂಟರ ಮನೆಯ ಜಗಲಿಯ ಮೂಲೆಯಲ್ಲಿ ಗಾಲಿಕುರ್ಚಿಯೊಂದು ನಿಂತಿತ್ತು. ಅದರ ಮೇಲೆ ಸಿಪ್ಪೆಗೋಟಿನ, ಅಂದರೆ ಸುಲಿಯದ ಒಣ ಅಡಿಕೆಯ, ಚೀಲ. ಮುಂದಿನ ಚಿಕ್ಕ ಗಾಲಿಗಳೆರಡೂ ತುಕ್ಕು ಹಿಡಿದು ಅಡ್ಡಕ್ಕೆ ತಿರುಗಿ ನಿಂತುಬಿಟ್ಟಿದ್ದವು, ರೆಕ್ಸಿನ್ ಸೀಟಿನ ಹೊಲಿಗೆಯುದ್ದಕ್ಕೂ ಬೂಷ್ಟು ಹಿಡಿದಿತ್ತು. ಬೆನ್ನಿನ ಹಿಂದೆ ಅಂಟಿಸಿದ್ದ, ಕೊಟ್ಟವರ ಹೆಸರಿನ ಸ್ಟಿಕ್ಕರ್ ಮಾತ್ರ ಮಾಸಿರಲಿಲ್ಲ. ಪಾರ್ಶ್ವವಾಯು ಬಡಿದಿದ್ದ ಆ ಮನೆಯ ಅಜ್ಜ ಎರಡು ವರ್ಷ ಅದರಲ್ಲಿ ಕುಳಿತು, ತೀರಿಕೊಂಡು ನಾಲ್ಕು ಮಳೆಗಾಲ ಕಳೆದಿತ್ತು. “ಯಾರಿಗಾದ್ರೂ ಕೊಡ್ಲಕ್ಕಿತ್ತು, ಎಲ್ಲಿ ಕೊಡವು ಹೇಳಿ ಗೊತ್ತಾಜಿಲ್ಲೆ” ಎಂದರು ಮನೆಯಾಕೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಸರ್ಕಾರವಾಗಲಿ ಸಂಘಸಂಸ್ಥೆಗಳಾಗಲಿ ಕೊಡುವುದಕ್ಕೆ ಹಾಕಿಕೊಂಡ ವ್ಯವಸ್ಥೆ ಅರ್ಧ ಶತಮಾನದಷ್ಟು ಹಳೆಯದು; ಆದರೆ ಕೊಟ್ಟ ವಸ್ತು ಕೆಟ್ಟರೆ ಯಾರು ನೋಡಬೇಕು, ಬೇಡವಾದರೆ ಎಲ್ಲಿಗೆ ಮರಳಬೇಕು ಎಂಬುದನ್ನು ಆ ವ್ಯವಸ್ಥೆ ಸರಿಯಾಗಿ ಯೋಚಿಸಿಯೇ ಇಲ್ಲ.

ಹಾಗೆಂದು ಎರವಲು ನಮ್ಮ ಸೀಮೆಗೆ ಹೊಸದೇನಲ್ಲ. ಮದುವೆ, ಮುಂಜಿ, ತಿಥಿಗಳಿಗೆ ಬೇಕಾಗುವ ಅನ್ನದ ಹಂಡೆ, ಕೊಪ್ಪರಿಗೆ, ಸೌಟು, ಜಮಖಾನಗಳನ್ನು ಪ್ರತಿ ಮನೆಯೂ ಕೊಂಡಿಡುವುದಿಲ್ಲ. ಅವು ಊರ ದೇವಸ್ಥಾನದಲ್ಲೋ ಸಂಘದ ಕೋಣೆಯಲ್ಲೋ ಇರುತ್ತವೆ. ಒಯ್ದವರ ಹೆಸರು, ಎಣಿಕೆ, ತಾರೀಕು ಪಟ್ಟಿಯಲ್ಲಿ ಬೀಳುತ್ತವೆ. ಹಂಡೆ ನೆಗ್ಗಿದರೆ ಒಯ್ದವರೇ ಸರಿಮಾಡಿಸಿ ಕೊಡಬೇಕು. ಊರುಗೋಲು ಈ ಪಟ್ಟಿಗೆ ಸೇರದಿರಲು ಕಾರಣ ಸರಳ. ನಡೆಯಲಾಗದವರನ್ನು ಕಂಬಳಿ ಜೋಲಿಯಲ್ಲಿ ಹೊತ್ತು ಸಂಕ ದಾಟಿಸುತ್ತಿದ್ದ ಕಾಲದಲ್ಲಿ ಸಲಕರಣೆ ಎನ್ನುವಂಥದ್ದೇ ವಿರಳ. ಇದ್ದ ಕವೆಗೋಲನ್ನು ಒಬ್ಬರ ಕಂಕುಳಿನ ಎತ್ತರಕ್ಕೆ ಕಡಿದಿರುತ್ತಿದ್ದರು, ಅದು ಇನ್ನೊಬ್ಬರಿಗೆ ಆಗುತ್ತಿರಲಿಲ್ಲ.

ಒಬ್ಬರಿಂದ ಇನ್ನೊಬ್ಬರಿಗೆ ದಾಟಬಲ್ಲ ಸಲಕರಣೆ ಬಂದದ್ದು ಕಾರ್ಖಾನೆಯ ಕಾಲದಲ್ಲಿ. ಗಣಿ ಅಪಘಾತದಲ್ಲಿ ಬೆನ್ನಿಗೆ ಪೆಟ್ಟು ತಿಂದಿದ್ದ ಹರ್ಬರ್ಟ್ ಎವರೆಸ್ಟ್ ಎಂಬ ಅಮೆರಿಕದ ಎಂಜಿನಿಯರ್‌ಗಾಗಿ ಅವರ ಗೆಳೆಯ ಹ್ಯಾರಿ ಜೆನ್ನಿಂಗ್ಸ್ 1933ರಲ್ಲಿ ಉಕ್ಕಿನ ಕೊಳವೆಗಳಿಂದ ಮಡಚುವ ಗಾಲಿಕುರ್ಚಿಯನ್ನು ಮಾಡಿದರು. ಸೀಟಿನ ಕೆಳಗೆ ಕತ್ತರಿಯಂತೆ ಸೇರುವ ಎರಡು ಅಡ್ಡಪಟ್ಟಿಗಳು ಆ ವಿನ್ಯಾಸದ ಜೀವಾಳ. ಇಂದು ಆಟೋರಿಕ್ಷಾದ ಹಿಂಬದಿಯಲ್ಲಿ ಮಡಚಿ ತುರುಕುವ ಕುರ್ಚಿಯೂ ಬಹುಮಟ್ಟಿಗೆ ಅದೇ.

ಭಾರತದಲ್ಲಿ ಈ ಕಥೆ ಕಾಲಿನಿಂದ ಶುರುವಾಗುತ್ತದೆ. 1968ರ ಸುಮಾರಿಗೆ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಮೂಳೆತಜ್ಞ ಡಾ. ಪಿ.ಕೆ. ಸೇಠಿ ಬರಿಗಾಲಲ್ಲಿ ನಡೆಯಬಹುದಾದ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂರಬಹುದಾದ ಕೃತಕ ಪಾದವನ್ನು ರೂಪಿಸಿದರು. 1975ರಲ್ಲಿ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಹುಟ್ಟಿ, ಅದನ್ನು ಉಚಿತವಾಗಿ ಹಂಚುವ ಶಿಬಿರಗಳು ದೇಶದುದ್ದಕ್ಕೂ ಹರಡಿದವು. ಇತ್ತ ಕೇಂದ್ರ ಸರ್ಕಾರ 1972ರಲ್ಲಿ ಕಾನ್ಪುರದಲ್ಲಿ ಕೃತಕ ಅಂಗಗಳ ತಯಾರಿಕಾ ನಿಗಮವನ್ನು, ಅಂದರೆ ಅಲಿಮ್ಕೋವನ್ನು, ಸ್ಥಾಪಿಸಿತು. 1976ರಲ್ಲಿ ಅಲ್ಲಿ ಉತ್ಪಾದನೆ ಆರಂಭವಾಯಿತು. ತಯಾರಾದ ವಸ್ತುಗಳನ್ನು ಬಡವರಿಗೆ ತಲುಪಿಸಲು 1981ರಲ್ಲಿ ‘ಎಡಿಪ್’ ಎಂದು ಕರೆಯುವ ನೆರವಿನ ಯೋಜನೆ ಬಂತು. ಕಾರವಾರದಲ್ಲೋ ಶಿರಸಿಯಲ್ಲೋ ಇಂದಿಗೂ ನಡೆಯುವ ಸಲಕರಣೆ ಶಿಬಿರಗಳ ಪದ್ಧತಿಗೆ ಅಡಿಪಾಯ ಅದೇ.

ಶಿಬಿರಕ್ಕೆ ಎರಡು ಹಂತ. ಮೊದಲು ತಪಾಸಣೆ, ಅಳತೆ. ತಿಂಗಳುಗಳ ನಂತರ ವಿತರಣೆ. ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಪ್ರಮಾಣಪತ್ರ ಬೇಕು, ಆದಾಯದ ಮಿತಿಯೊಳಗಿರಬೇಕು, ಅದೇ ಉದ್ದೇಶಕ್ಕೆ ಹಿಂದಿನ ಮೂರು ವರ್ಷಗಳಲ್ಲಿ ನೆರವು ಪಡೆದಿರಬಾರದು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಈ ಅವಧಿ ಒಂದೇ ವರ್ಷ. ಕೊಟ್ಟ ಕ್ಷಣದಿಂದ ವಸ್ತು ಫಲಾನುಭವಿಯದು. ಹಿಂದಿರುಗಿಸುವ ಪ್ರಶ್ನೆ ಬರುವುದಿಲ್ಲ, ಆದ್ದರಿಂದ ಹಿಂದಕ್ಕೆ ತೆಗೆದುಕೊಳ್ಳುವ ಕೋಣೆಯೂ ಇಲ್ಲ. ಅಳೆದ ದಿನಕ್ಕೂ ಕೊಟ್ಟ ದಿನಕ್ಕೂ ನಡುವಿನ ತಿಂಗಳುಗಳಲ್ಲಿ ಅಗತ್ಯವಿರುವವರು ಏನು ಮಾಡುತ್ತಾರೆ ಎಂಬುದನ್ನು ಯಾವ ಕೈಪಿಡಿಯೂ ಕೇಳಿದಂತಿಲ್ಲ. ಸಾಮಾನ್ಯವಾಗಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ ಇಬ್ಬರು ಎತ್ತುತ್ತಾರೆ.

ಈ ಪದ್ಧತಿಯನ್ನು ಮೂರ್ಖತನ ಎನ್ನಲು ನಾನು ಸಿದ್ಧನಿಲ್ಲ. ಅದು ಹುಟ್ಟಿದ ಕಾಲದಲ್ಲಿ ಪೋಲಿಯೋ ಮನೆಮನೆಗೆ ಗೊತ್ತಿದ್ದ ಕಾಯಿಲೆ. ಪೋಲಿಯೋ ಕಾಲಿಗೆ ಆಧಾರವಾಗಿ ಕಟ್ಟುವ ಕ್ಯಾಲಿಪರ್ ಒಂದು ಮಗುವಿನ ಒಂದು ಕಾಲಿನ ಅಳತೆಗೆ ಆದದ್ದು, ಆ ಮಗು ಬೆಳೆದಂತೆ ಅದೇ ಮಗುವಿಗೂ ಹಿಡಿಸದು. ಕೃತಕ ಕಾಲಿನಲ್ಲಿ ಮೊಂಡುಗಾಲು ಕೂರುವ ಬಟ್ಟಲು ಭಾಗವೂ ಹಾಗೆಯೇ. ಇಂಥ ವಸ್ತುವನ್ನು ಎರವಲು ಕೊಡುವುದಕ್ಕೆ ಅರ್ಥವಿಲ್ಲ, ಕೊಟ್ಟುಬಿಡುವುದೇ ಸರಿ. ಆದರೆ ಸಹಜವಾಗಿ ಹರಡುವ ವೈರಸ್‌ನಿಂದ ಬಂದ ದೇಶದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯಲ್ಲಿ ಕಂಡಿತು, 2014ರ ಮಾರ್ಚ್‌ನಲ್ಲಿ ನಾವು ಪೋಲಿಯೋಮುಕ್ತರೆಂಬ ಪ್ರಮಾಣಪತ್ರವೂ ಬಂತು. ಈಗ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಗಾಲಿಕುರ್ಚಿ ಹುಡುಕುವವರಲ್ಲಿ ಅಡಿಕೆ, ತೆಂಗಿನ ಮರದಿಂದ ಬಿದ್ದು ಬೆನ್ನುಹುರಿ ಮುರಿದುಕೊಂಡವರಿದ್ದಾರೆ, ಹೆದ್ದಾರಿಯಲ್ಲಿ ಬೈಕ್ ಉರುಳಿಸಿಕೊಂಡವರಿದ್ದಾರೆ, ಸಕ್ಕರೆ ಕಾಯಿಲೆಯಿಂದ ಪಾದ ಕಳೆದುಕೊಂಡವರಿದ್ದಾರೆ, ಹಾವಸೆ ಕಟ್ಟಿದ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯರಿದ್ದಾರೆ. ಇವರಲ್ಲಿ ಕೆಲವರಿಗೆ ಬದುಕಿನುದ್ದಕ್ಕೂ ಬೇಕು, ಉಳಿದವರಿಗೆ ಮೂರು ತಿಂಗಳಿಗೆ ಸಾಕು. ಆ ಮೂರು ತಿಂಗಳಿನವರಿಗೆ ಪ್ರಮಾಣಪತ್ರವೂ ಸಿಗದು, ಶಿಬಿರವೂ ಇಲ್ಲ.

2017ರ ಏಪ್ರಿಲ್‌ನಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಬಡ ಹಿರಿಯ ನಾಗರಿಕರಿಗೆ ಊರುಗೋಲು, ವಾಕರ್, ಶ್ರವಣ ಸಾಧನ, ಕನ್ನಡಕ, ದಂತಪಂಕ್ತಿ, ಗಾಲಿಕುರ್ಚಿಗಳನ್ನು ಕೊಡತೊಡಗಿತು. ಕೊಡುವುದು ಅಲಿಮ್ಕೋ, ಕೊಡುವ ರೀತಿ ಅದೇ ಶಿಬಿರ. ಎಪ್ಪತ್ತೆಂಟರ ವಯಸ್ಸಿನವರಿಗೆ ಕೊಟ್ಟ ವಾಕರ್ ಬಹುಶಃ ಅವರಿಗಿಂತ ಹೆಚ್ಚು ಕಾಲ ಬಾಳುತ್ತದೆ ಎಂಬ ಸಾಮಾನ್ಯ ಲೆಕ್ಕ ಇಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಯೋಜನೆಯಲ್ಲಿ ಒಂದು ವರ್ಷದ ಉಚಿತ ನಿರ್ವಹಣೆಯ ಮಾತಿದೆ. ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಕಾರವಾರ, ಅಂಕೋಲೆ, ಹೊನ್ನಾವರಗಳ ಕಡಲಂಚಿನಲ್ಲಿ ಕಬ್ಬಿಣಕ್ಕೆ ನಿಜವಾದ ತೊಂದರೆ ಎದುರಾಗುವುದು ಎರಡನೆಯ ಮಳೆಗಾಲದ ಹೊತ್ತಿಗೆ.

ಕಾನೂನು ಈ ನಡುವೆ ಬಹಳ ದೂರ ಬಂದಿತ್ತು. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿತ್ತು, 2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ಕಾಯ್ದೆ ಇಪ್ಪತ್ತೊಂದನ್ನು. ದಯೆಯ ಭಾಷೆ ಹೋಗಿ ಹಕ್ಕಿನ ಭಾಷೆ ಬಂತು. ವಿತರಣಾ ಸಮಾರಂಭದ ವೇದಿಕೆಗೆ ಆ ಬದಲಾವಣೆ ತಲುಪಿದ್ದನ್ನು ಮಾತ್ರ ನಾನು ಇನ್ನೂ ಕಂಡಿಲ್ಲ.

ಬೇರೆಡೆ ದಾರಿ ಬೇರೆಯಾಗಿ ಸಾಗಿದೆ. ನಾರ್ವೆಯಲ್ಲಿ ದೀರ್ಘಕಾಲ ಬೇಕಾಗುವ ಸಲಕರಣೆಗಳನ್ನೂ ಸರ್ಕಾರಿ ಕೇಂದ್ರಗಳು ಎರವಲಾಗಿಯೇ ಕೊಡುತ್ತವೆ. ಒಡೆತನ ಸರ್ಕಾರದ್ದು, ದುರಸ್ತಿಯೂ ಅದರದೇ, ಬೇಡವಾದದ್ದು ಮರಳಿ ಬಂದು ಶುಚಿಯಾಗಿ ಇನ್ನೊಬ್ಬರಿಗೆ ಹೋಗುತ್ತದೆ. ಅಮೆರಿಕದಲ್ಲಿ 1988ರಲ್ಲಿ ಬಂದ ಸಹಾಯಕ ತಂತ್ರಜ್ಞಾನದ ಕಾಯ್ದೆಯನ್ನು 2004ರಲ್ಲಿ ಪರಿಷ್ಕರಿಸಿದಾಗ, ರಾಜ್ಯಗಳು ಮಾಡಬೇಕಾದ ಕೆಲಸಗಳಲ್ಲಿ ಸಲಕರಣೆಗಳ ಪ್ರಾತ್ಯಕ್ಷಿಕೆ, ಎರವಲು ಮತ್ತು ಮರುಬಳಕೆಗಳನ್ನು ಸೇರಿಸಿದರು. ಅಲ್ಲಿ ಎರವಲಿಗೆ ಇನ್ನೊಂದು ಉಪಯೋಗವೂ ಇದೆ: ಕೊಳ್ಳುವ ಮೊದಲು ಕೆಲವು ವಾರ ಮನೆಗೆ ಒಯ್ದು ಬಳಸಿ ನೋಡಬಹುದು. ಅಂಗಳದ ಬೇಲಿಬಾಗಿಲಾದ ದಣಪೆ ದಾಟದ, ಹೊಸ್ತಿಲು ಹತ್ತದ ಕುರ್ಚಿಯನ್ನು ಕೊಂಡ ಮೇಲೆ ಪೇಚಾಡಿದ ನಮ್ಮವರಿಗೆ ಇದರ ಬೆಲೆ ಬೇಗ ಅರ್ಥವಾದೀತು.

ಅಷ್ಟು ದೂರ ಹೋಗುವುದೂ ಬೇಕಿಲ್ಲ. ಮಹಾರಾಷ್ಟ್ರದ ಪಟ್ಟಣಗಳಲ್ಲಿ ‘ರುಗ್ಣೋಪಯೋಗಿ ಸಾಹಿತ್ಯ ಕೇಂದ್ರ’ ಎಂಬ ಫಲಕ ಹೊತ್ತ ಕೋಣೆಗಳಲ್ಲಿ ಠೇವಣಿ ಇಟ್ಟುಕೊಂಡು, ಅಲ್ಪ ಬಾಡಿಗೆಗೆ ಮಂಚ, ಕಮೋಡ್ ಕುರ್ಚಿ, ವಾಕರ್‌ಗಳನ್ನು ಕೊಡುತ್ತಾರೆ. ‘ಸಾಹಿತ್ಯ’ ಎಂದರೆ ಅಲ್ಲಿ ಸಾಮಗ್ರಿ, ಕವಿತೆಯಲ್ಲ. ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ, ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಉಪಶಾಮಕ ಆರೈಕೆಯ ಚಳವಳಿ ಊರೂರಿಗೆ ಹಬ್ಬಿ, 2008ರಲ್ಲಿ ರಾಜ್ಯದ ನೀತಿಯೇ ಆಯಿತು. ಮನೆಭೇಟಿಗೆ ಹೋಗುವ ತಂಡಗಳು ನೀರಿನ ಹಾಸಿಗೆ, ಗಾಲಿಕುರ್ಚಿಗಳನ್ನು ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ ತರುತ್ತವೆ. ಮನೆಗೆ ಮತ್ತೆ ಮತ್ತೆ ಹೋಗುವವರು ಇರುವಲ್ಲಿ ವಸ್ತು ಕಳೆದುಹೋಗುವುದಿಲ್ಲ. ನಮ್ಮಲ್ಲಿಯೂ 2021ರ ಕೊರೊನಾ ಎರಡನೆಯ ಅಲೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳು ಫೋನ್ ಕರೆಯ ಮೇಲೆ ಮನೆಯಿಂದ ಮನೆಗೆ ಹೋದವು. ಅಲೆ ಇಳಿದ ಮೇಲೆ ಆ ಉತ್ಸಾಹವೂ ಇಳಿಯಿತು.

ಆದರೆ ಎರವಲಿನ ಹುರುಪಿನಲ್ಲಿ ಕಂಡ ಕುರ್ಚಿಯನ್ನು ಕಂಡವರಿಗೆ ಕೊಡುವುದು ಅಪಾಯ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಗಾಲಿಕುರ್ಚಿ ಮಾರ್ಗಸೂಚಿ ಒತ್ತಿ ಹೇಳಿದ್ದು ಇದನ್ನೇ: ದೇಹಕ್ಕೆ ಹೊಂದದ ಕುರ್ಚಿ ಹಾನಿ ಮಾಡುತ್ತದೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಕುಂಡೆಯ ಮೇಲೆ ಒತ್ತಡ ಬಿದ್ದದ್ದು ತಿಳಿಯುವುದಿಲ್ಲ. ತೆಳುವಾದ ರೆಕ್ಸಿನ್ ಮೇಲೆ ಗಂಟೆಗಟ್ಟಲೆ ಕುಳಿತರೆ ಹಾಸಿಗೆ ಹುಣ್ಣು ಎದ್ದು, ಮೂಳೆಯವರೆಗೂ ಇಳಿಯಬಹುದು. ಅವರ ಕುರ್ಚಿ ಅವರ ಅಳತೆಯದೇ, ಮೆತ್ತೆಯೂ ಅವರದೇ ಆಗಿರಬೇಕು. ಜೀವಮಾನವಿಡೀ ಗಾಲಿಯ ಮೇಲೆ ಬದುಕುವವರನ್ನು “ಹಳೆಯದು ಇದೆಯಲ್ಲ” ಎಂದು ಸಾಗಹಾಕುವುದಕ್ಕೆ ಮರುಬಳಕೆ ನೆಪವಾದರೆ ಅದು ಅವರ ಹಕ್ಕಿಗೆ ಮಾಡಿದ ಮೋಸ. ಶ್ರವಣ ಸಾಧನದ ಕಿವಿಯ ಅಚ್ಚು, ಕ್ಯಾಲಿಪರ್, ಬಳಸಿದ ಮೆತ್ತೆ ಇವು ಕೈಬದಲಾಗುವ ವಸ್ತುಗಳಲ್ಲ. ವಾಕರ್, ಊರುಗೋಲು, ಕಮೋಡ್ ಕುರ್ಚಿ, ಮಂಚ, ಅಲ್ಪಕಾಲಕ್ಕೆ ಬೇಕಾದ ಗಾಲಿಕುರ್ಚಿ, ಇವನ್ನು ಸೋಪುನೀರಿನಿಂದ ತೊಳೆದು, ಸೋಂಕುನಿವಾರಕದಿಂದ ಒರೆಸಿ, ಬಿಸಿಲಿಗೆ ಒಣಗಿಸಿ, ಒಂದೊಂದು ಬೋಲ್ಟನ್ನೂ ನೋಡಿದ ಮೇಲೆ ಕೊಡಬಹುದು. ಊರುಗೋಲಿನ ತುದಿಯ ರಬ್ಬರ್ ಸವೆದಿದ್ದರೆ ಮಾತ್ರ ಕೊಡಲೇಬಾರದು. ಮಳೆಗಾಲದಲ್ಲಿ ನಮ್ಮ ಕೆಂಪುಕಲ್ಲಿನ ಮೆಟ್ಟಿಲ ಮೇಲೆ ಆ ಸಣ್ಣ ರಬ್ಬರೇ ಸೊಂಟ ಕಾಯುವುದು.

ಇನ್ನೊಂದು ಅಡ್ಡಿಯನ್ನು ಯೋಜನೆಯ ಕಡತಗಳು ಹೇಳುವುದಿಲ್ಲ. ತೀರಿಕೊಂಡವರ ಹಾಸಿಗೆ, ಬಟ್ಟೆಗಳನ್ನು ನಮ್ಮ ಮನೆಗಳಲ್ಲಿ ಉಳಿಸಿಕೊಳ್ಳುವುದಿಲ್ಲ. ಅವರು ಕೂತ ಕುರ್ಚಿಯನ್ನು ಎಸೆಯಲು ಮನಸ್ಸಾಗದು, ಇನ್ನೊಬ್ಬರಿಗೆ ಒಯ್ದು ಕೊಡಲು ಸಂಕೋಚ. ಪಡೆಯುವವರ ಮನೆಯಲ್ಲೂ ಹಿರಿಯರು ಅಪಶಕುನ ಎಂದಾರು. ನೇರವಾಗಿ ಮನೆಯಿಂದ ಮನೆಗೆ ಹೋಗುವಾಗ ಕಾಡುವ ಈ ಮುಜುಗರ, ನಡುವೆ ಒಂದು ಕೋಣೆಯಿದ್ದರೆ ಬಹಳಷ್ಟು ಕರಗುತ್ತದೆ. ದೇವಸ್ಥಾನದ ಹಂಡೆ ಕಳೆದ ವಾರ ಯಾರ ತಿಥಿಗೆ ಹೋಗಿತ್ತೆಂದು ಮದುವೆಯವರು ಕೇಳುವುದಿಲ್ಲ.

ಆ ಕೋಣೆಗೆ ಬೇಕಾದವರು ಹೆಚ್ಚುಕಡಿಮೆ ಇದ್ದಾರೆ. ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಗೌರವಧನದ ಮೇಲೆ ದುಡಿಯುತ್ತಾರೆ. ಯಾವ ಮನೆಯಲ್ಲಿ ಯಾರಿಗೆ ಏನು ಬೇಕು ಎಂಬುದು ಅವರಿಗೆ ಗೊತ್ತು. ಯಾವ ಮನೆಯ ಅಟ್ಟದಲ್ಲಿ ಏನು ಬಿದ್ದಿದೆ ಎಂಬುದೂ ಗೊತ್ತಿರುತ್ತದೆ. ಸ್ಥಳೀಯ ಸಂಸ್ಥೆಗಳು ಸ್ವಂತ ಸಂಪನ್ಮೂಲದ ಶೇ. 5ರಷ್ಟನ್ನು ವಿಕಲಚೇತನರಿಗಾಗಿ ಎತ್ತಿಡಬೇಕೆಂಬ ನಿಯಮವಿದೆ. ಆ ಹಣದಲ್ಲಿ ಸಾಮಾನ್ಯವಾಗಿ ಹೊಸ ಸಲಕರಣೆ ಕೊಳ್ಳುತ್ತಾರೆ, ಏಕೆಂದರೆ ಹೊಸದಕ್ಕೆ ಬಿಲ್ಲಿದೆ, ಫೋಟೋ ಇದೆ. ಬೇರಿಂಗ್ ಬದಲಿಸಿದ್ದಕ್ಕೆ ಎರಡೂ ಇಲ್ಲ. ಜಿಲ್ಲಾ ಕೇಂದ್ರವಾದ ಕಾರವಾರ ವಾಯವ್ಯದ ತುದಿಯಲ್ಲಿದ್ದು, ಶಿರಸಿ, ಸಿದ್ದಾಪುರದವರು ನೂರು ಕಿ.ಮೀ.ಗೂ ಹೆಚ್ಚು ದಾರಿ ಸವೆಸಿ, ಘಟ್ಟ ಇಳಿದು ಹೋಗಬೇಕು. ಕೆಟ್ಟ ಗಾಲಿಕುರ್ಚಿಯನ್ನು ಹೊತ್ತುಕೊಂಡು ಅಷ್ಟು ದೂರ ಯಾರೂ ಹೋಗುವುದಿಲ್ಲ. ಕೋಣೆ ಇರುವುದಾದರೆ ಸಂತೆಗೆ ಬಂದವರಿಗೆ ಸಿಗುವಷ್ಟು ಹತ್ತಿರದಲ್ಲಿರಬೇಕು.

ನೆಂಟರ ಮನೆಯ ಆ ಕುರ್ಚಿಯನ್ನು ಕಳೆದ ಚೌತಿಗೆ ಮೊದಲು ಶಿರಸಿಯ ಸೈಕಲ್ ಅಂಗಡಿಯೊಂದಕ್ಕೆ ಒಯ್ದೆವು. ದೊಡ್ಡ ಗಾಲಿಗಳ ಕಡ್ಡಿ ಬಿಗಿದು ಸಮ ಮಾಡುವುದು ಅಂಗಡಿಯವರಿಗೆ ದಿನನಿತ್ಯದ ಕೆಲಸ. ಮುಂದಿನ ಗಾಲಿಗಳ ಬೇರಿಂಗ್ ಹೊಂದುವುದು ಸಿಗಲು ಒಂದು ವಾರ ಹಿಡಿಯಿತು. ಕತ್ತರಿಪಟ್ಟಿಯ ನಡುವಿನ ಬೋಲ್ಟ್ ಎಷ್ಟು ಸವೆದಿತ್ತೆಂದರೆ, ಇನ್ನು ಕೆಲವು ಸಲ ಮಡಚಿದ್ದರೆ ಕೂತವರ ಸಮೇತ ಕುಸಿಯುತ್ತಿತ್ತು ಎಂದು ಅವರು ಅದನ್ನು ನನ್ನ ಅಂಗೈಯ ಮೇಲಿಟ್ಟು ತೋರಿಸಿದರು. ಸೀಟನ್ನು ಆಟೋ ಕುಶನ್ ಹೊಲಿಯುವವರ ಬಳಿ ಹೊಸದಾಗಿ ಹೊಲಿಸಿದ್ದಾಯಿತು. ಪಕ್ಕದ ಊರಿನಲ್ಲಿ ಕಾಲಿಗೆ ರಾಡ್ ಹಾಕಿಸಿಕೊಂಡು ಮಲಗಿದ್ದ, ಮರವೇರಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರೊಬ್ಬರಿಗೆ ಅದು ಹೋಯಿತು. ದೇವಸ್ಥಾನದ ಪಾತ್ರೆ ಪಟ್ಟಿಯಲ್ಲಿ, ಎರಡು ಕೊಪ್ಪರಿಗೆ ಮತ್ತು ಆರು ಸೌಟಿನ ಕೆಳಗಿನ ಸಾಲಿನಲ್ಲಿ, ಊರಿನ ಮೊಕ್ತೇಸರರು ‘ಗಾಲಿಕುರ್ಚಿ 1’ ಎಂದು ಬರೆದುಕೊಂಡರು. ಕೊಂಡೊಯ್ದವರ ಸಹಿ ಬಿದ್ದಿದೆ. ಹಂಡೆಗಾದರೆ ಮೂರು ದಿನದ ವಾಯಿದೆ, ಇದಕ್ಕೆ ಎಷ್ಟು ಬರೆಯುವುದೆಂದು ಯಾರಿಗೂ ತಿಳಿಯದೆ ಆ ಕಲಂ ಖಾಲಿ ಉಳಿದಿದೆ.