ಇಮ್ಯುನೋಸಪ್ರೆಸೆಂಟ್ ಅಂದರೆ ಕೂದಲಿನ ಗೊಬ್ಬರವಲ್ಲ

ನೆತ್ತಿಯ ರೋಮಕೂಪಗಳನ್ನು (ಕೂದಲು ಹುಟ್ಟುವ ಗುಳಿಗಳನ್ನು) ದೇಹದ ರೋಗನಿರೋಧಕ ವ್ಯವಸ್ಥೆಯೇ ಹಾಳುಗೆಡವಿ ಬೋಳು ತರುವ ಲೈಕನ್ ಪ್ಲಾನೋಪಿಲಾರಿಸ್ ಎಂಬ ಕಾಯಿಲೆಯ ಬಗೆಗಿನ ಬರಹದಲ್ಲಿ ಮತ್ತೊಮ್ಮೆ ‘ಕೂದಲು ಮರಳಿ ಬೆಳೆಸುವ ಇಮ್ಯುನೋಸಪ್ರೆಸೆಂಟ್’ ಎಂದು ಓದಿದೆ. ರೋಗನಿರೋಧಕ ವ್ಯವಸ್ಥೆಯನ್ನು ಅದುಮುವ ಈ ಔಷಧಗಳು ಕೂದಲು ಬೆಳೆಸುವುದಿಲ್ಲ. ಇರುವ ಕೂದಲಿನ ಮೇಲಿನ ದಾಳಿಯನ್ನು ತಗ್ಗಿಸುತ್ತವೆ, ಅಷ್ಟೆ.

ಗೊಂದಲದ ಬೇರು ನಮ್ಮ ‘ರೋಗನಿರೋಧಕ ಶಕ್ತಿ’ ಎಂಬ ಪದದಲ್ಲಿದೆ. ಶಕ್ತಿ ಎಂದಕೂಡಲೇ ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಭಾವನೆ. ಕೋವಿಡ್ ಕಾಲದ ಕಷಾಯದ ಜಾಹೀರಾತುಗಳು ಅದಕ್ಕೆ ಇನ್ನಷ್ಟು ನೀರೆರೆದವು. ಆದರೆ ಅದೊಂದು ವ್ಯವಸ್ಥೆ. ತನ್ನದು ಯಾವುದು, ಹೊರಗಿನದು ಯಾವುದು ಎಂದು ಗುರುತಿಸುವುದರಲ್ಲಿ ಅದೂ ಎಡವುತ್ತದೆ. ಈ ಕಾಯಿಲೆಯಲ್ಲಿ ಬಿಳಿ ರಕ್ತಕಣಗಳಾದ ಲಿಂಫೋಸೈಟ್‌ಗಳು ರೋಮಕೂಪದ ಮೇಲ್ಭಾಗವನ್ನು ಮುತ್ತುತ್ತವೆ. ಕೂದಲನ್ನು ಮತ್ತೆ ಮತ್ತೆ ಹುಟ್ಟಿಸುವ ಕಾಂಡಕೋಶಗಳಿರುವುದು ಅಲ್ಲೇ. ಅವು ಅಳಿದ ಮೇಲೆ ರೋಮಕೂಪದ ಜಾಗದಲ್ಲಿ ಕಲೆಗಟ್ಟಿ ಚರ್ಮ ನುಣ್ಣಗಾಗುತ್ತದೆ. ಕೂದಲು ತೇಪೆ ತೇಪೆಯಾಗಿ ಉದುರುವ ಇನ್ನೊಂದು ಕಾಯಿಲೆ ಅಲೋಪೇಸಿಯಾ ಏರಿಯೇಟಾದಲ್ಲಿ ದಾಳಿ ನಡೆಯುವುದು ಕೂದಲಿನ ಬುಡದ ಗಡ್ಡೆಯ ಸುತ್ತ. ಕಾಂಡಕೋಶಗಳು ಉಳಿಯುತ್ತವೆ, ಹಾಗಾಗಿ ಕೂದಲು ಮರಳಬಹುದು. ಎರಡನ್ನೂ ಒಂದೇ ಗಂಟಿಗೆ ಕಟ್ಟುವವರು ರೋಗಿಗಳಲ್ಲಿ ಇಲ್ಲದ ಆಸೆ ಹುಟ್ಟಿಸುತ್ತಾರೆ.

ಇನ್ನು ಲೈಕನ್ ಪ್ಲಾನೋಪಿಲಾರಿಸ್‌ಗೆ ಕೊಡುವ ಔಷಧಗಳಲ್ಲಿ ‘ಯಾವುದು ಮೇಲು?’ ಎಂಬ ಪ್ರಶ್ನೆ. ಇರಾನಿನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಸಣ್ಣ ಪ್ರಯೋಗದಲ್ಲಿ, ಆರು ತಿಂಗಳ ಕೊನೆಗೆ ಹೈಡ್ರಾಕ್ಸಿಕ್ಲೋರೋಕ್ವಿನ್‌ಗಿಂತ ಮೆಥೋಟ್ರೆಕ್ಸೇಟ್ ಹೆಚ್ಚು ಫಲ ಕೊಟ್ಟಿತ್ತು. ಫಲವನ್ನು ಅಳೆದ ಸೂಚ್ಯಂಕದಲ್ಲಿ ಇರುವುದು ತುರಿಕೆ, ಉರಿ, ನೋವು, ಕೆಂಪು, ಹೊಟ್ಟು, ಎಳೆದರೆ ಕಿತ್ತುಬರುವ ಕೂದಲು, ಬೋಳು ಹರಡುತ್ತಿದೆಯೇ ಎಂಬುದು. ಹೊಸದಾಗಿ ಬೆಳೆದ ಕೂದಲಿಗೆ ಅದರಲ್ಲಿ ಅಂಕವೇ ಇಲ್ಲ.

ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ‘ಇಮ್ಯುನೋಸಪ್ರೆಸೆಂಟ್’ ಎಂಬ ಹೆಸರೇ ಸಲ್ಲದು. ಮಲೇರಿಯಾದ ಮಾತ್ರೆಯಾಗಿ ಬಂದ ಅದು ರೋಗನಿರೋಧಕ ವ್ಯವಸ್ಥೆಯನ್ನು ಹದಕ್ಕೆ ತರುತ್ತದೆಯೇ ಹೊರತು ಸೋಂಕಿಗೆ ಬಾಗಿಲು ತೆರೆಯುವಷ್ಟು ಅದುಮುವುದಿಲ್ಲ. ಅದರ ಚಿಂತೆ ಕಣ್ಣಿನ ರೆಟಿನಾದ್ದು. ಅದಕ್ಕೇ ದಿನದ ಪ್ರಮಾಣ ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಮೀರಬಾರದು.

ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆಯ ಮಾತ್ರೆ. ಚೀಟಿಯಲ್ಲಿ ವಾರದ ಹೆಸರನ್ನೇ ಬರೆಸಿಕೊಳ್ಳಿ: ‘ಭಾನುವಾರ’. ದಿನಾ ನುಂಗಿ ಮೂಳೆಮಜ್ಜೆ ಕುಸಿದು ಸತ್ತವರಿದ್ದಾರೆ, ಇದು ಅತಿಶಯೋಕ್ತಿಯಲ್ಲ. ಜೊತೆಗೆ ಫೋಲಿಕ್ ಆಸಿಡ್, ಆಗಾಗ ರಕ್ತ ಮತ್ತು ಯಕೃತ್ತಿನ ಪರೀಕ್ಷೆ.

ಸೈಕ್ಲೋಸ್ಪೊರಿನ್ ಬೇಗ ಹಿಡಿತಕ್ಕೆ ತರುತ್ತದೆ, ಬಿಟ್ಟರೆ ಕಾಯಿಲೆ ಮರುಕಳಿಸುವುದೂ ಉಂಟು. ಕಿಡ್ನಿ ಮತ್ತು ರಕ್ತದೊತ್ತಡದ ಕಾರಣಕ್ಕೆ ಹೆಚ್ಚು ಕಾಲ ಕೊಡುವುದಿಲ್ಲ. ತಮಾಷೆಯೆಂದರೆ ಮುಖ, ಕೈಕಾಲುಗಳ ಮೇಲೆ ಬೇಡದ ರೋಮ ಬೆಳೆಸುವುದು ಇದರ ಅಡ್ಡಪರಿಣಾಮ. ಕಲೆಗಟ್ಟಿದ ನೆತ್ತಿಗೆ ಮಾತ್ರ ಅದರಿಂದ ಏನೂ ದಕ್ಕದು.

ಮೈಕೋಫಿನೋಲೇಟ್ 1995ರಲ್ಲಿ ಅಮೆರಿಕದಲ್ಲಿ ಕಿಡ್ನಿ ಕಸಿಗಾಗಿ ಒಪ್ಪಿಗೆ ಪಡೆದದ್ದು. ಕಿಡ್ನಿಗೆ ಸೌಮ್ಯ, ಹೊಟ್ಟೆಗೆ ಕಿರಿಕಿರಿ. ಇದೂ ಮೆಥೋಟ್ರೆಕ್ಸೇಟೂ ಭ್ರೂಣಕ್ಕೆ ಅಪಾಯಕಾರಿ. ಮಗುವಿನ ಯೋಚನೆಯಿದ್ದರೆ ಮೊದಲ ಚೀಟಿ ಬರೆಯುವ ಮುಂಚೆಯೇ ವೈದ್ಯರಿಗೆ ಹೇಳಬೇಕು.