ಬಿ2 ಹಿಡಿದು ಸ್ಪ್ಯಾನಿಷ್ ಮೇಷ್ಟ್ರಾಗಲು ಹೊರಟವರಿಗೆ

‘ಬಿ2 ಆಗಿದೆ ಮೇಡಂ. ಅಲ್ಲಿಗೆ ಹೋದಮೇಲೆ ಮಾಸ್ಟರ್ಸ್ ಓದ್ತಾ ಓದ್ತಾ ಭಾಷೆ ತಾನಾಗೇ ಸುಧಾರಿಸುತ್ತಲ್ವಾ?’

ವಿದೇಶಿಯರಿಗೆ ಸ್ಪ್ಯಾನಿಷ್ ಕಲಿಸುವುದರ ಮಾಸ್ಟರ್ಸ್‌ಗಾಗಿ ಸ್ಪೇನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಹಂಗಾಮು ಬಂತೆಂದರೆ ಈ ಮಾತು ತಪ್ಪಿದ್ದಲ್ಲ. ಭಾಷೆ ಎಷ್ಟು ಬರುತ್ತದೆ ಎಂದು ಅಳೆಯಲು ಯುರೋಪಿನಲ್ಲಿ ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮಟ್ಟ; ಬಿ2 ನಾಲ್ಕನೆಯದು. ಕೇಳುವವರು ದಡ್ಡರೇನಲ್ಲ. ಸಾಫ್ಟ್‌ವೇರ್ ಕೆಲಸದ ನಡುವೆ ಸಂಜೆ ಕ್ಲಾಸಿಗೆ ಹೋಗಿ, ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಕೂತು ಪಾಡ್‌ಕಾಸ್ಟ್ ಕೇಳಿ ಕಲಿತ ಶ್ರದ್ಧಾವಂತರು. ಆದರೂ ಉತ್ತರ ಬದಲಾಗುವುದಿಲ್ಲ: ಅಲ್ಲಿ ಯಾರೂ ನಿಮಗೆ ಸ್ಪ್ಯಾನಿಷ್ ಹೇಳಿಕೊಡುವುದಿಲ್ಲ. ಸ್ಪ್ಯಾನಿಷ್ ಕಲಿಸುವುದು ಹೇಗೆಂದು ಹೇಳಿಕೊಡುತ್ತಾರೆ, ಅದನ್ನೂ ಸ್ಪ್ಯಾನಿಷ್‌ನಲ್ಲೇ. ಈಜು ಬಾರದವರು ಈಜು ಕೋಚ್‌ಗಳ ತರಬೇತಿಗೆ ಸೇರಿದಂತಾಗುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ವರ್ಷದ ಕೋರ್ಸ್ ಎಂದರೆ ಸಾಮಾನ್ಯವಾಗಿ 60 ಇಸಿಟಿಎಸ್ (ಯುರೋಪಿನಲ್ಲಿ ಓದಿನ ಹೊರೆ ಅಳೆಯುವ ಲೆಕ್ಕ) ಕ್ರೆಡಿಟ್. ಒಂದು ಕ್ರೆಡಿಟ್‌ಗೆ ಕ್ಲಾಸು, ಓದು, ಬರಹ ಎಲ್ಲ ಸೇರಿ 25ರಿಂದ 30 ಗಂಟೆ. ಒಟ್ಟು 1500ರಿಂದ 1800 ಗಂಟೆ. ಭಾಷಾಕಲಿಕೆಯ ಸಿದ್ಧಾಂತ, ವ್ಯಾಕರಣ ಬೋಧನೆ, ಉಚ್ಚಾರಣೆ, ಮೌಲ್ಯಮಾಪನ, ಪಾಠ ಸಾಮಗ್ರಿ ತಯಾರಿ, ತಪ್ಪುಗಳ ವಿಶ್ಲೇಷಣೆ, ತರಗತಿಯಲ್ಲಿ ಪ್ರಾಯೋಗಿಕ ಬೋಧನೆ, ಕೊನೆಗೆ ಪ್ರಬಂಧ. ಇಷ್ಟರಲ್ಲಿ ನಿಮ್ಮ ಸಬ್ಜಂಕ್ಟಿವ್ (ಆಸೆ, ಅನುಮಾನ ಹೇಳುವಾಗಿನ ಕ್ರಿಯಾರೂಪ) ತಿದ್ದಲು ಒಂದು ಗಂಟೆಯೂ ಇಟ್ಟಿರುವುದಿಲ್ಲ. ಕೆಲವು ವಿಶ್ವವಿದ್ಯಾಲಯಗಳು ಪ್ರವೇಶಕ್ಕೆ ಬಿ2 ಸಾಕು ಎನ್ನುತ್ತವೆ, ನಿಜ. ಅದು ಒಳಗೆ ಬಿಟ್ಟುಕೊಳ್ಳುವ ಮಟ್ಟ, ಒಳಗೆ ತಾಳಿಕೊಳ್ಳುವ ಮಟ್ಟ ಅಲ್ಲ.

ಮೊದಲ ತಿಂಗಳು ಹೇಗೋ ಸಾಗುತ್ತದೆ. ಓದಿ ಅರ್ಥ ಮಾಡಿಕೊಳ್ಳಲು ಬಿ2 ಸಾಕು. ಕಷ್ಟ ಶುರುವಾಗುವುದು ತರಗತಿಯ ಮುಂದೆ ನಿಂತಾಗ. ಸ್ಪ್ಯಾನಿಷ್‌ನಲ್ಲಿ ‘ಇರು’ ಎನ್ನಲು ಸೆರ್, ಎಸ್ತಾರ್ ಎಂಬ ಎರಡು ಕ್ರಿಯಾಪದ. ‘ಶಾಶ್ವತಕ್ಕೆ ಸೆರ್, ತಾತ್ಕಾಲಿಕಕ್ಕೆ ಎಸ್ತಾರ್’ ಎಂದು ನಮ್ಮ ಕೋಚಿಂಗ್ ಕ್ಲಾಸುಗಳಲ್ಲಿ ಉರು ಹೊಡೆಸಿರುತ್ತಾರೆ. ಎರಡನೇ ಸಾಲಿನ ಹುಡುಗಿ ಎದ್ದು, ‘ಹಾಗಾದರೆ ಸತ್ತವನಿಗೆ ಎಸ್ತಾ ಮುಯೆರ್ತೊ ಅನ್ನೋದ್ಯಾಕೆ? ಸಾವು ತಾತ್ಕಾಲಿಕವಾ?’ ಎನ್ನುತ್ತಾಳೆ. ಅಲ್ಲಿಗೆ ಉರು ಹೊಡೆದ ನಿಯಮ ಕೈಕೊಟ್ಟಿತು. ಅಲ್ಲಿ ಎಸ್ತಾರ್ ಬರುವುದು ಒಂದು ಬದಲಾವಣೆಯ ನಂತರ ಉಳಿದ ಸ್ಥಿತಿಯನ್ನು ಹೇಳುವುದಕ್ಕೆ. ಬೆಂಗಳೂರು ಎಲ್ಲಿದೆ ಎನ್ನಲು ಎಸ್ತಾ, ಅಂದರೆ ಎಸ್ತಾರ್. ಪಾರ್ಟಿ ಎಲ್ಲಿ ಎನ್ನಲು ಮಾತ್ರ ‘ಲ ಫಿಯೆಸ್ತಾ ಎಸ್ ಎನ್ ಮಿ ಕಾಸಾ’ (ಪಾರ್ಟಿ ನನ್ನ ಮನೆಯಲ್ಲಿ); ಇಲ್ಲಿನ ‘ಎಸ್’ ಸೆರ್‌ನ ರೂಪ. ಪಾರ್ಟಿ ಒಂದು ವಸ್ತುವಲ್ಲ, ನಡೆಯುವ ಘಟನೆ, ಅದಕ್ಕೇ ಸೆರ್. ಇದನ್ನು ಎ2 ಮಟ್ಟದ ಮಕ್ಕಳಿಗೆ ಅವರಿಗೆ ಗೊತ್ತಿರುವ ಪದಗಳಲ್ಲೇ ಎರಡು ನಿಮಿಷದಲ್ಲಿ ಹೇಳಬೇಕು. ತಾನೇ ವಾಕ್ಯ ತಡವರಿಸಿ ಕಟ್ಟುವವರಿಂದ ಇದಾಗದು. ಮೇಲ್ವಿಚಾರಕರು ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಳ್ಳುವುದೂ ಇದನ್ನೇ.

ಬೇಸರದ ಸಂಗತಿ ಏನೆಂದರೆ, ಕನ್ನಡದವರಿಗೆ ಇಲ್ಲಿ ಒಳ್ಳೆಯ ಬಂಡವಾಳವಿದೆ, ಅದನ್ನು ಬಳಸುವುದೇ ಇಲ್ಲ. ‘ಮೆ ಗುಸ್ತಾ’ ಎಂಬುದನ್ನು ಇಂಗ್ಲಿಷ್ ದಾರಿಯಲ್ಲಿ ಕಲಿತವರು ವರ್ಷಗಟ್ಟಲೆ ತಪ್ಪುತ್ತಾರೆ. ನಮಗೆ ಅದು ‘ನನಗೆ ಹಾಡು ಹಿಡಿಸಿತು’. ಹಾಡುಗಳಾದರೆ ‘ಹಿಡಿಸಿದವು’, ಕ್ರಿಯಾಪದ ಹೊಂದುವುದು ಹಾಡಿಗೆ, ನನಗಲ್ಲ. ಮೆ ಗುಸ್ತೋ, ಮೆ ಗುಸ್ತಾರೋನ್ ಕೂಡ ಥೇಟ್ ಹಾಗೆಯೇ. ‘ಮನೆ ನೋಡಿದೆ’ ಎನ್ನಬಹುದು, ‘ಸೀತೆ ನೋಡಿದೆ’ ಎನ್ನಲಾಗದು, ‘ಸೀತೆಯನ್ನು’ ಆಗಲೇಬೇಕು. ಸ್ಪ್ಯಾನಿಷ್‌ನಲ್ಲೂ ‘ವೆಯೊ ಲ ಕಾಸಾ’ (ಮನೆ ನೋಡುತ್ತೇನೆ), ಆದರೆ ವ್ಯಕ್ತಿಯಾದರೆ ‘ವೆಯೊ ಅ ಮರಿಯಾ’ (ಮರಿಯಾಳನ್ನು ನೋಡುತ್ತೇನೆ). ಪೂರ್ತಿ ಹೊಂದುತ್ತದೆ ಎನ್ನುತ್ತಿಲ್ಲ: ನಾವು ‘ಮನೆಯನ್ನು’ ಎಂದರೂ ತಪ್ಪಿಲ್ಲ, ಅವರು ಮನೆಗೆ ಆ ‘ಅ’ ಹಚ್ಚುವುದಿಲ್ಲ. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಹೇಳಬಲ್ಲವರೇ ಮೇಷ್ಟ್ರು. ಉಚ್ಚಾರಣೆಯಲ್ಲೂ ಅಷ್ಟೆ. ಅವರ ‘ತ’ ನಮ್ಮ ‘ತ’. ಇಂಗ್ಲಿಷ್ ಕಾಗುಣಿತ ನೋಡಿ ‘ತೋರೋ’ವನ್ನು (ಗೂಳಿ) ‘ಟೋರೋ’ ಎನ್ನುವವರನ್ನು ತಿದ್ದಲು ಕನ್ನಡದಲ್ಲಿ ಬರೆದು ತೋರಿಸಿದರೆ ಸಾಕು.

ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಹುಡುಕಬೇಕಿಲ್ಲ. ಆದರೆ ‘ಭಾರತದಲ್ಲಿ ಸ್ಪ್ಯಾನಿಷ್ ಬೋಧನೆ’ ಎಂಬ ಸಮುದ್ರಕ್ಕೆ ಧುಮುಕಬೇಡಿ. ಒಂದೇ ಮಟ್ಟದ, ಒಂದೇ ತರಗತಿಯ ಕನ್ನಡಿಗರ ಬರಹಗಳಲ್ಲಿ ಆ ‘ಅ’ ಎಷ್ಟು ಕಡೆ ಬಿಟ್ಟುಹೋಗಿದೆ, ಎಲ್ಲೆಲ್ಲಿ ಎಂದು ನೋಡಿ. ಕಲಿಯುವವರಿಂದ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಬರಹ ಸಂಗ್ರಹಿಸಿದ ಮೇಲೆ ಒಪ್ಪಿಗೆಗಾಗಿ ಅಲೆಯುವುದು ಯಾರಿಗೂ ಬೇಡ.

ಬಿ2 ಸಾಲದು, ಹಾಗಾದರೆ ಮುಂದಿನ ಮಟ್ಟವಾದ ಸಿ1 ಗುರಿ. ಸ್ಪೇನಿನ ಸೆರ್ವಾಂತೆಸ್ ಸಂಸ್ಥೆಯ ಡೆಲೆ ಸಿ1 ಪರೀಕ್ಷೆಯಲ್ಲಿ ಎರಡು ಗುಂಪು, ತಲಾ 50 ಅಂಕ. ಎರಡರಲ್ಲೂ 30 ಬರಬೇಕು. ಒಂದರಲ್ಲಿ 45 ಬಂದು ಇನ್ನೊಂದರಲ್ಲಿ 29 ಆದರೆ ನಪಾಸು. ನಮ್ಮವರು ಎಡವುವುದು ಓದಿನಲ್ಲಲ್ಲ. ಒಂದು ಉಪನ್ಯಾಸ ಕೇಳಿ, ಟಿಪ್ಪಣಿ ಮಾಡಿಕೊಂಡು, ಅದರ ಮೇಲೆ ವಾದ ಕಟ್ಟಿ 220ರಿಂದ 250 ಪದ ಬರೆಯುವ ಭಾಗವಿದೆ, ಅಲ್ಲಿ. ಮಾಸ್ಟರ್ಸ್‌ನಲ್ಲಿ ದಿನಾ ಮಾಡುವುದೂ ಅದನ್ನೇ ಎಂಬುದನ್ನು ಗಮನಿಸಿ. ಡೆಲೆ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವುದೆಂಬುದಿಲ್ಲ. ಸಿಯೆಲೆ ಎಂಬ ಇನ್ನೊಂದು ಸ್ಪ್ಯಾನಿಷ್ ಪರೀಕ್ಷೆ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ, ಬೇಗ ಮುಗಿಯುತ್ತದೆ, ಫಲಿತಾಂಶವೂ ಬೇಗ, ಆದರೆ ಐದು ವರ್ಷಕ್ಕಷ್ಟೇ ಮಾನ್ಯ. ಬಿ2 ಇಂದ ಸಿ1ಗೆ ಒಂದು ವರ್ಷ ಹೋದರೂ ಹೋಗಲಿ. ಒಂದು ವರ್ಷ ತಡವಾಗಿ ಸೇರಿದವರನ್ನು ಯಾರೂ ಕೇಳುವುದಿಲ್ಲ, ಅರ್ಧಕ್ಕೆ ಬಿಟ್ಟವರನ್ನು ಊರೆಲ್ಲ ಕೇಳುತ್ತದೆ.

ಕಾಯುವ ಆ ವರ್ಷದಲ್ಲಿ ಸೆರ್ವಾಂತೆಸ್ ಸಂಸ್ಥೆಯ ಪ್ಲಾನ್ ಕುರಿಕುಲಾರ್ ತೆರೆದು ನೋಡಿ. ಎ1ರಿಂದ ಸಿ2 ತನಕ ಯಾವ ಮಟ್ಟದಲ್ಲಿ ಏನು ಕಲಿಸಬೇಕೆಂಬ ಪಟ್ಟಿ ಅದು. ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಪಾಠ ಯೋಜನೆ ಬರೆಯುವಾಗ ಅದು ಪಕ್ಕದಲ್ಲೇ ಇರಬೇಕಾಗುತ್ತದೆ.

ಇನ್ನು ಪದವಿಯ ಜಾತಕ. ‘ಮಾಸ್ತೆರ್ ಉನಿವೆರ್ಸಿತಾರಿಯೊ’ ಎಂದಿದ್ದರೆ ಅದು ಸರ್ಕಾರಿ ಮಾನ್ಯತೆಯ ಪದವಿ, ಮುಂದೆ ಪಿಎಚ್.ಡಿ.ಗೆ ದಾರಿ. ‘ಮಾಸ್ತೆರ್ ದೆ ಫೊರ್ಮಾಸಿಯೋನ್ ಪೆರ್ಮನೆಂತೆ’ ಎಂದರೆ ವಿಶ್ವವಿದ್ಯಾಲಯ ತನ್ನದೇ ಹೆಸರಿನಲ್ಲಿ ಕೊಡುವ ಪದವಿ. ಪಾಠ ಚೆನ್ನಾಗಿಯೇ ಇರಬಹುದು, ಆದರೆ ಅದೊಂದನ್ನೇ ಹಿಡಿದು ಪಿಎಚ್.ಡಿ. ಬಾಗಿಲು ತಟ್ಟಲಾಗದು. ಅನುಮಾನವಿದ್ದರೆ ವಿಶ್ವವಿದ್ಯಾಲಯ, ಪದವಿಗಳ ಪಟ್ಟಿಯಿರುವ ಸ್ಪೇನ್ ಸರ್ಕಾರದ ರುಕ್ತ್ ನೋಂದಣಿಯಲ್ಲಿ ಕೋರ್ಸಿನ ಹೆಸರು ಹಾಕಿ ಹುಡುಕಿ. ಏಜೆಂಟರ ಬ್ರೋಷರ್ ನಂಬಬೇಡಿ. ಮಾಧ್ಯಮಿಕ ಶಾಲಾ ಶಿಕ್ಷಕರ ಮಾಸ್ಟರ್ಸ್ ಎಂಬ ಮೂರನೆಯದೂ ಇದೆ. ಅದು ಸ್ಪೇನಿನ ಶಾಲೆಗಳಲ್ಲಿ ಕಲಿಸುವವರಿಗೆ, ವಿದೇಶಿಯರಿಗೆ ಸ್ಪ್ಯಾನಿಷ್ ಕಲಿಸಲು ಹೊರಟವರಿಗಲ್ಲ.

ವಾಪಸ್ ಬಂದು ಎಲ್ಲಿ ಕಲಿಸುತ್ತೀರಿ ಎಂಬುದನ್ನು ಮೊದಲೇ ಗಟ್ಟಿಮಾಡಿಕೊಳ್ಳಿ. ಕಾಲೇಜು ಅಧ್ಯಾಪಕರಾಗುವ ಆಸೆಯಿದ್ದರೆ ಜೆಎನ್‌ಯು ಅಥವಾ ಹೈದರಾಬಾದಿನ ಇಫ್ಲುನಲ್ಲಿ (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ಸ್ಪ್ಯಾನಿಷ್ ಎಂ.ಎ. ಮಾಡಿ, ಸ್ಪ್ಯಾನಿಷ್ ವಿಷಯದಲ್ಲೇ ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಬರೆಯುವುದು ನೇರ ದಾರಿ, ಖರ್ಚೂ ಕಡಿಮೆ. ಶಾಲೆಯಾದರೆ ಬಿ.ಎಡ್. ಕೇಳುವ ಆಡಳಿತ ಮಂಡಳಿಗಳೇ ಹೆಚ್ಚು. ಐಬಿ, ಕೇಂಬ್ರಿಡ್ಜ್ ಪಠ್ಯಕ್ರಮದ ಶಾಲೆಗಳು ಮತ್ತು ಕಂಪನಿ ತರಬೇತಿಗಳಲ್ಲಿ ಸ್ಪೇನಿನ ಈ ಪದವಿಗೆ ಬೆಲೆಯಿದೆ ಎನ್ನಬಹುದು, ಆದರೆ ಪ್ರತಿ ಶಾಲೆಯ ಲೆಕ್ಕ ಬೇರೆ. ಕಂಪನಿಯವರ ಗ್ರಾಹಕರು ಮೆಕ್ಸಿಕೋದವರಾದರೆ ‘ನೀವೆಲ್ಲ’ ಎನ್ನಲು ಸ್ಪೇನಿನಲ್ಲಿ ಕಲಿತ ‘ವೊಸೋತ್ರೊಸ್’ ಬದಿಗಿಟ್ಟು ‘ಉಸ್ತೇದೆಸ್’ ಹೇಳಿಕೊಡಬೇಕಾಗುತ್ತದೆ.

ಆನ್‌ಲೈನ್ ಕೋರ್ಸ್ ಆರಿಸುವವರು ಪ್ರಾಯೋಗಿಕ ಬೋಧನೆ ಎಲ್ಲಿ ಎಂದು ಫೀಸು ಕಟ್ಟುವ ಮೊದಲೇ ಬರಹದಲ್ಲಿ ಕೇಳಿ. ನಿಮ್ಮ ಊರಿನ ಸಂಸ್ಥೆಯಲ್ಲೇ ಮಾಡಬಹುದು ಎಂದರೂ ಆ ಸಂಸ್ಥೆಗೂ ವಿಶ್ವವಿದ್ಯಾಲಯಕ್ಕೂ ಒಪ್ಪಂದ ಆಗಬೇಕು. ಸಹಿ ಬೀಳಲು ತಿಂಗಳುಗಳೇ ಹಿಡಿದಾವು. ಕಡೇ ಗಳಿಗೆಯಲ್ಲಿ ಪರಿಚಯದ ಕೋಚಿಂಗ್ ಸೆಂಟರಿಗೆ ಓಡುವವರಿಗೆ, ಮಾರ್ಗದರ್ಶನ ಮಾಡಲು ಅಲ್ಲಿ ಅರ್ಹ ಶಿಕ್ಷಕರೇ ಇಲ್ಲ ಎಂದು ಆಗ ಗೊತ್ತಾಗುತ್ತದೆ.

ಕಾಗದಪತ್ರದ ಬಗ್ಗೆ ಹೆಚ್ಚೇನಿಲ್ಲ. ಪದವಿ ಪ್ರಮಾಣಪತ್ರ, ಅಂಕಪಟ್ಟಿಗಳಿಗೆ ಮೊದಲು ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪೊಸ್ಟೀಲ್ (ದಾಖಲೆ ವಿದೇಶದಲ್ಲಿ ಮಾನ್ಯವಾಗಲು ಹಾಕುವ ಮುದ್ರೆ), ಅದಾದ ಮೇಲೆ ಸ್ಪೇನ್ ಸರ್ಕಾರ ನೇಮಿಸಿದ ಪ್ರಮಾಣಿತ ಅನುವಾದಕರಿಂದ ಅನುವಾದ. ಈ ಕ್ರಮ ತಪ್ಪಿಸಬೇಡಿ. ಅನುವಾದ ಮೊದಲು ಮಾಡಿಸಿದರೆ ಅಪೊಸ್ಟೀಲ್ ಮುದ್ರೆ ಅನುವಾದದಲ್ಲಿ ಇರುವುದಿಲ್ಲ, ಮತ್ತೆ ದುಡ್ಡು ಕಟ್ಟಬೇಕಾದೀತು. ಪದವಿ ಪ್ರಮಾಣಪತ್ರ ಇನ್ನೂ ಕೈಗೆ ಬಂದಿಲ್ಲದಿದ್ದರೆ ಇವತ್ತೇ ನಿಮ್ಮ ವಿಶ್ವವಿದ್ಯಾಲಯಕ್ಕೆ ಅರ್ಜಿ ಕೊಡಿ.