ವಿಶ್ವಸಂಸ್ಥೆಯ ಇಷ್ಟೊಂದು ಸಂಸ್ಥೆಗಳನ್ನು ಸೇರಿಸಿ ಒಂದೇ ಮಾಡಬಾರದೇಕೆ?

ಪ್ರಶ್ನೆ: ವಿಶ್ವಸಂಸ್ಥೆಯ ಹೆಸರಿನಲ್ಲಿ ಹತ್ತಾರು ಸಂಸ್ಥೆಗಳಿವೆ. ಆಹಾರ ಮತ್ತು ಕೃಷಿಗೆ ಸಂಬಂಧಿಸಿದ ಮೂರು ಸಂಸ್ಥೆಗಳ ಪ್ರಧಾನ ಕಚೇರಿ ರೋಮ್ ನಗರವೊಂದರಲ್ಲೇ ಇದೆ. ನಿರಾಶ್ರಿತರಿಗೆ ಒಂದು ಸಂಸ್ಥೆಯಾದರೆ ವಲಸಿಗರಿಗೆ ಇನ್ನೊಂದು. ಇವನ್ನೆಲ್ಲ ವಿಲೀನಗೊಳಿಸಿದರೆ ಖರ್ಚೂ ಉಳಿಯುತ್ತದೆ, ಕೆಲಸವೂ ಚುರುಕಾಗುತ್ತದೆ ಅಲ್ಲವೇ?

ಉತ್ತರ: ಕೆಲವು ಸಂಸ್ಥೆಗಳನ್ನು ಖಂಡಿತ ವಿಲೀನಗೊಳಿಸಬಹುದು. ಆದರೆ ಒಂದೇ ಕೆಲಸ ಎರಡು ಕಡೆ ನಡೆಯುವುದರ ಬೇರು ಹುಡುಕುತ್ತ ಹೋದರೆ ನಾವು ತಲುಪುವುದು ಆ ಸಂಸ್ಥೆಗಳಿಗೆ ಹಣವನ್ನೂ ಆದೇಶವನ್ನೂ ಕೊಡುವ ಸದಸ್ಯ ಸರ್ಕಾರಗಳ ಬಳಿಗೆ. ಅಲ್ಲಿ ಏನೂ ಬದಲಾಗದಿದ್ದರೆ ವಿಲೀನದಿಂದ ದೊರೆಯುವ ಲಾಭ ಅಲ್ಪವೇ.

ವಿಶ್ವಸಂಸ್ಥೆ ಎಂದರೆ ಒಬ್ಬ ಮುಖ್ಯಸ್ಥರ ಕೈಕೆಳಗಿನ ಇಲಾಖೆಗಳ ಸಮೂಹ ಎಂಬ ಕಲ್ಪನೆ ವ್ಯಾಪಕವಾಗಿದೆ. ವಾಸ್ತವ ಹಾಗಿಲ್ಲ. ದೂರಸಂಪರ್ಕ ಒಕ್ಕೂಟ 1865ರಲ್ಲಿ, ಅಂಚೆ ಒಕ್ಕೂಟ 1874ರಲ್ಲಿ, ಕಾರ್ಮಿಕ ಸಂಸ್ಥೆ 1919ರಲ್ಲಿ ಹುಟ್ಟಿದವು. ಅಂದರೆ 1945ರಲ್ಲಿ ಸ್ಥಾಪನೆಯಾದ ವಿಶ್ವಸಂಸ್ಥೆಗಿಂತ ಇವು ಹಿರಿಯವು. ಇಂಥ ವಿಶೇಷ ಸಂಸ್ಥೆಗಳಿಗೆ ತಮ್ಮದೇ ಸಂವಿಧಾನ, ತಮ್ಮದೇ ಆಡಳಿತ ಮಂಡಳಿ, ತಮ್ಮದೇ ಬಜೆಟ್ ಇರುತ್ತದೆ. ವಿಶ್ವಸಂಸ್ಥೆಯ ಸ್ಥಾಪನಾ ಒಪ್ಪಂದವಾದ ಸನ್ನದಿನ 63ನೆಯ ವಿಧಿಯ ಪ್ರಕಾರ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯು ಇವುಗಳೊಂದಿಗೆ ಒಪ್ಪಂದ ಮಾಡಿಕೊಳ್ಳಬಹುದು, ಸಮಾಲೋಚನೆ ಮತ್ತು ಶಿಫಾರಸುಗಳ ಮೂಲಕ ಸಮನ್ವಯ ಸಾಧಿಸಬಹುದು. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಿಗೆ ಇಂತಹ ಕಾರ್ಯಕ್ರಮ ನಿಲ್ಲಿಸಿ ಎಂದು ಆಜ್ಞಾಪಿಸುವ ಅಧಿಕಾರ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಗಿಲ್ಲ. ಮಕ್ಕಳ ನಿಧಿಯಾದ ಯುನಿಸೆಫ್, ಅಭಿವೃದ್ಧಿ ಕಾರ್ಯಕ್ರಮವಾದ ಯುಎನ್‌ಡಿಪಿಗಳ ಸ್ಥಿತಿ ಬೇರೆ. ಅವು ಸಾಮಾನ್ಯ ಸಭೆಯ ನಿರ್ಣಯದಿಂದಲೇ ಹುಟ್ಟಿದವು, ನಿರ್ಣಯದಿಂದಲೇ ಬದಲಾಗಬಲ್ಲವು. ಆದರೂ ಮಹಿಳೆಯರಿಗೆ ಸಂಬಂಧಿಸಿದ ಸಣ್ಣ ಘಟಕಗಳನ್ನು ಒಂದುಗೂಡಿಸಬೇಕೆಂಬ ಶಿಫಾರಸು 2006ರಲ್ಲಿ ಬಂದರೆ, ಅಂಥ ನಾಲ್ಕು ಘಟಕಗಳು ಸೇರಿ ‘ಯುಎನ್ ವಿಮೆನ್’ ಆಗುವ ನಿರ್ಣಯಕ್ಕೆ 2010ರವರೆಗೆ ಕಾಯಬೇಕಾಯಿತು.

ಸಂಸ್ಥೆಗಳ ನಡುವಿನ ಗಡಿ ಜನರ ಬದುಕನ್ನು ಹೇಗೆ ತಟ್ಟುತ್ತದೆ ಎಂಬುದಕ್ಕೆ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಒಳ್ಳೆಯ ನಿದರ್ಶನ. 2017ರ ಆಗಸ್ಟ್‌ನಿಂದ ಕೆಲವೇ ತಿಂಗಳುಗಳಲ್ಲಿ 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಮ್ಯಾನ್ಮಾರ್ ಗಡಿ ದಾಟಿ ಅಲ್ಲಿಗೆ ಬಂದರು. ದೇಶ ಬಿಟ್ಟು ಓಡಿಬಂದವರ ರಕ್ಷಣೆಯ ನೇತೃತ್ವವನ್ನು ನಿರಾಶ್ರಿತರ ಸಂಸ್ಥೆಯಾದ ಯುಎನ್‌ಎಚ್‌ಸಿಆರ್ ವಹಿಸುವುದು ರೂಢಿ. ಆದರೆ ಬಾಂಗ್ಲಾದೇಶ ಸರ್ಕಾರ ಈ ಜನರಿಗೆ ನಿರಾಶ್ರಿತರೆಂಬ ಮಾನ್ಯತೆ ಕೊಟ್ಟಿರಲಿಲ್ಲ. ಅಲ್ಲಿನ ನೆರವಿನ ಸಮನ್ವಯ ಮೊದಲಿನಿಂದಲೂ ವಲಸೆ ಸಂಸ್ಥೆಯಾದ ಐಒಎಂ ಕೈಯಲ್ಲಿತ್ತು. ಹೀಗಾಗಿ ಕೆಲವು ಶಿಬಿರಗಳ ಹೊಣೆ ಐಒಎಂಗೆ, ಅವುಗಳ ಪಕ್ಕದ ಶಿಬಿರಗಳ ಹೊಣೆ ಯುಎನ್‌ಎಚ್‌ಸಿಆರ್‌ಗೆ ಹಂಚಿಹೋಯಿತು. ಢಾಕಾದಲ್ಲಿ ಎರಡೂ ಸಂಸ್ಥೆಗಳ ಮುಖ್ಯಸ್ಥರು ಮತ್ತು ವಿಶ್ವಸಂಸ್ಥೆಯ ಸ್ಥಳೀಯ ಸಮನ್ವಯಾಧಿಕಾರಿ, ಹೀಗೆ ಮೂವರು ಸೇರಿ ಒಂದೇ ಸಮಿತಿಯ ಅಧ್ಯಕ್ಷತೆ ವಹಿಸುವ ವ್ಯವಸ್ಥೆ ರೂಪುಗೊಂಡಿತು. ಮಳೆಗಾಲಕ್ಕೆ ಮುನ್ನ ಗುಡ್ಡದ ಇಳಿಜಾರಿನ ಗುಡಿಸಲುಗಳನ್ನು ತೆರವು ಮಾಡಿ ಜನರನ್ನು ಸುರಕ್ಷಿತ ಜಾಗಕ್ಕೆ ಸಾಗಿಸಬೇಕಾದ ಕಡೆ, ನಿರ್ಧಾರ ಯಾರದು ಎಂಬುದು ತಕ್ಷಣ ಸ್ಪಷ್ಟವಾಗಿರಬೇಕು. ಆ ಎರಡೂ ಸಂಸ್ಥೆಗಳು ಒಂದೇ ಆಗಿದ್ದರೆ ಗೊಂದಲ ಒಂದಿಷ್ಟು ಕಡಿಮೆಯಾಗುತ್ತಿತ್ತು, ನಿಜ. ಆದರೆ ಆತಿಥೇಯ ಸರ್ಕಾರ ಈ ಜನರನ್ನು ಏನೆಂದು ಕರೆಯುತ್ತದೆ ಎಂಬ ಮೂಲ ಪ್ರಶ್ನೆ ಆಗಲೂ ಹಾಗೇ ಉಳಿಯುತ್ತಿತ್ತು.

ಇನ್ನು ಹಣದ ವಿಚಾರ. ನನ್ನ ಅಭಿಪ್ರಾಯದಲ್ಲಿ ಇಡೀ ಸಮಸ್ಯೆಯ ತಿರುಳು ಇಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಬಜೆಟ್‌ನಲ್ಲಿ ಸದಸ್ಯ ರಾಷ್ಟ್ರಗಳ ಕಡ್ಡಾಯ ವಂತಿಗೆಯ ಪಾಲು ಶೇ 20ಕ್ಕಿಂತಲೂ ಕೆಳಗೆ ಕುಸಿದಿತ್ತು. ಉಳಿದದ್ದು ಐಚ್ಛಿಕ ದೇಣಿಗೆ. ಅದರಲ್ಲಿ ಹೆಚ್ಚಿನದು ಇದೇ ರೋಗಕ್ಕೆ, ಇದೇ ದೇಶಕ್ಕೆ ಎಂಬ ಷರತ್ತಿನೊಂದಿಗೆ ಬರುವಂಥದ್ದು. ದೇಣಿಗೆಯನ್ನೇ ನೆಚ್ಚಿಕೊಂಡ ಸಂಸ್ಥೆ ತನ್ನ ಗುರುತನ್ನೂ ತನ್ನ ಯೋಜನೆಗಳನ್ನೂ ಪ್ರತ್ಯೇಕವಾಗಿ ತೋರಿಸಿಕೊಳ್ಳಲೇಬೇಕಾಗುತ್ತದೆ. ನ್ಯೂಯಾರ್ಕ್‌ನಲ್ಲಿ ಸಮನ್ವಯ ಬೇಕೆಂದು ಭಾಷಣ ಮಾಡುವ ಸರ್ಕಾರವೇ ಜಿನೀವಾದಲ್ಲಿ ಆರೋಗ್ಯ ಸಚಿವಾಲಯದ ಮೂಲಕ, ರೋಮ್‌ನಲ್ಲಿ ಕೃಷಿ ಸಚಿವಾಲಯದ ಮೂಲಕ ತನ್ನ ಪ್ರತ್ಯೇಕ ಯೋಜನೆಗೆ ಹಣ ಕೊಟ್ಟು ಪೈಪೋಟಿಯನ್ನು ಬೆಳೆಸುತ್ತದೆ. ಕಡ್ಡಾಯ ವಂತಿಗೆಯನ್ನು ಹಂತಹಂತವಾಗಿ ಏರಿಸಿ 2030–31ರ ಹೊತ್ತಿಗೆ ಮೂಲ ಬಜೆಟ್‌ನ ಶೇ 50ರಷ್ಟಕ್ಕೆ ತರಬೇಕೆಂದು ವಿಶ್ವ ಆರೋಗ್ಯ ಸಭೆ 2022ರಲ್ಲಿ ಕೈಗೊಂಡ ತೀರ್ಮಾನವನ್ನು ನಾನು ಯಾವ ವಿಲೀನಕ್ಕಿಂತಲೂ ದೊಡ್ಡ ಸುಧಾರಣೆ ಎಂದು ಎಣಿಸುತ್ತೇನೆ. ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರನಡೆಯುವ ನಿರ್ಧಾರ ಮಾಡಿರುವುದರಿಂದ ಆ ಹಾದಿ ಈಗ ಇನ್ನಷ್ಟು ಕಡಿದಾಗಿದೆ.

ವಿಲೀನವಿಲ್ಲದೆಯೂ ಯಶಸ್ವಿಯಾದ ಮಾರ್ಗಗಳಿವೆ. ವಿಶ್ವ ಆಹಾರ ಕಾರ್ಯಕ್ರಮ ನಡೆಸುವ ಮಾನವೀಯ ನೆರವಿನ ವಿಮಾನ ಸೇವೆಯನ್ನು ಇತರ ಸಂಸ್ಥೆಗಳೂ ಸ್ವಯಂಸೇವಾ ಸಂಘಟನೆಗಳೂ ಬಳಸುತ್ತವೆ. ಪ್ರತಿಯೊಂದೂ ತನ್ನದೇ ವಿಮಾನವನ್ನು ಬಾಡಿಗೆಗೆ ಪಡೆಯುವ ಅಗತ್ಯ ಬೀಳುವುದಿಲ್ಲ. 2005ರಲ್ಲಿ ರೂಪುಗೊಂಡು, ಅದೇ ವರ್ಷದ ಅಕ್ಟೋಬರ್‌ನ ಪಾಕಿಸ್ತಾನದ ಭೂಕಂಪದಲ್ಲಿ ಮೊದಲು ಜಾರಿಗೆ ಬಂದ ‘ಕ್ಲಸ್ಟರ್’ ಪದ್ಧತಿಯಲ್ಲಿ ಆರೋಗ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ, ನೀರು ಮತ್ತು ನೈರ್ಮಲ್ಯಕ್ಕೆ ಯುನಿಸೆಫ್ ಎಂಬಂತೆ ಪ್ರತಿ ಕ್ಷೇತ್ರಕ್ಕೂ ಗೊತ್ತುಪಡಿಸಿದ ಮುಂದಾಳ್ತನವಿದೆ. 2019ರ ಜನವರಿಯಿಂದ ಆಯಾ ದೇಶದ ಸಮನ್ವಯಾಧಿಕಾರಿಯ ಹುದ್ದೆಯನ್ನು ಯುಎನ್‌ಡಿಪಿಯಿಂದ ಬೇರ್ಪಡಿಸಿ, ಷರತ್ತಿನ ದೇಣಿಗೆಗಳ ಮೇಲೆ ಶೇ 1ರ ಶುಲ್ಕ ವಿಧಿಸಿ ಅದಕ್ಕೊಂದು ಆದಾಯ ಒದಗಿಸಲಾಯಿತು. ಇದು ಸರಿಯಾದ ಹೆಜ್ಜೆ. ಆದರೆ ಅರ್ಧಕ್ಕೇ ನಿಂತಿದೆ. ಪ್ರತಿ ಸಂಸ್ಥೆಯ ಸ್ಥಳೀಯ ಮುಖ್ಯಸ್ಥರು ಹಣದ ವಿಷಯದಲ್ಲಿ ಇಂದಿಗೂ ಉತ್ತರ ಕೊಡಬೇಕಾದದ್ದು ತಮ್ಮ ಪ್ರಧಾನ ಕಚೇರಿಗೆ.

2025ರ ಮಾರ್ಚ್‌ನಲ್ಲಿ ಪ್ರಧಾನ ಕಾರ್ಯದರ್ಶಿ ಆಂಟೋನಿಯೊ ಗುಟೆರಸ್ ಆರಂಭಿಸಿದ ‘ಯುಎನ್80’ ಉಪಕ್ರಮದಲ್ಲಿ ಯುಎನ್ ವಿಮೆನ್ ಮತ್ತು ತಾಯಂದಿರ ಆರೋಗ್ಯಕ್ಕಾಗಿ ದುಡಿಯುವ ಜನಸಂಖ್ಯಾ ನಿಧಿಯ ವಿಲೀನದ ಸಾಧ್ಯತೆಯ ಪರಿಶೀಲನೆಯೂ ಸೇರಿದೆ. ಹೆರಿಗೆ ಆರೈಕೆಯಂಥ ನೇರ ಸೇವೆಗೆ ಮೀಸಲಾದ ಹಣ ಕಚೇರಿಗಳ ಮರುಜೋಡಣೆಯ ನಡುವೆ ಕಳೆದುಹೋಗದಂತೆ ಮೊದಲೇ ಖಾತ್ರಿಪಡಿಸಿಕೊಂಡರೆ ಮಾತ್ರ ಅದನ್ನು ಒಪ್ಪಬಹುದು. ಅದೇ ಉಪಕ್ರಮದ ಅಂಗವಾಗಿ ಹೊರಬಿದ್ದ ಇನ್ನೊಂದು ಸಂಗತಿ ನನಗೆ ಹೆಚ್ಚು ಮಹತ್ವದ್ದೆನಿಸುತ್ತದೆ: 2024ರಲ್ಲಿ ವಿಶ್ವಸಂಸ್ಥೆ 240 ಅಂಗಗಳ 27,000 ಸಭೆಗಳಿಗೆ ನೆರವಾಗಿದೆ, ಅದರ ಸಚಿವಾಲಯ 1,100 ವರದಿಗಳನ್ನು ಸಿದ್ಧಪಡಿಸಿದೆ; ಆ ವರದಿಗಳಲ್ಲಿ ಐದರಲ್ಲಿ ಒಂದನ್ನು ಸಾವಿರ ಬಾರಿಯೂ ಯಾರೂ ಡೌನ್‌ಲೋಡ್ ಮಾಡಿಕೊಂಡಿಲ್ಲ. ಈ ವರದಿಗಳನ್ನು ಅಪೇಕ್ಷಿಸುವುದು ಸದಸ್ಯ ರಾಷ್ಟ್ರಗಳ ನಿರ್ಣಯಗಳೇ. ಪ್ರತಿ ಹೊಸ ಆದೇಶದಲ್ಲೂ ಅದು ಯಾವ ವರ್ಷ ಕೊನೆಗೊಳ್ಳಬೇಕು, ಅದಕ್ಕಾಗಿ ಯಾವ ಹಳೆಯ ಆದೇಶವನ್ನು ಕೈಬಿಡಲಾಗುತ್ತದೆ ಎಂಬುದನ್ನು ಬರೆದೇ ತೀರಬೇಕೆಂದು ನಿಯಮ ಮಾಡಿದರೆ ದೊಡ್ಡ ಹೊರೆ ಇಳಿಯುತ್ತದೆ. ಭದ್ರತಾ ಮಂಡಳಿಯ ವಿಸ್ತರಣೆಗೆ ಬೇಕಾಗುವಂತೆ ಇದಕ್ಕೆ ಸನ್ನದಿನ ತಿದ್ದುಪಡಿಯಾಗಲಿ, ಐದು ಕಾಯಂ ಸದಸ್ಯ ರಾಷ್ಟ್ರಗಳ ಅನುಮೋದನೆಯಾಗಲಿ ಬೇಕಿಲ್ಲ. ಸಾಮಾನ್ಯ ಸಭೆಯ ಒಂದು ನಿರ್ಣಯ ಸಾಕು.